ಟ್ರ್ಯಾಕ್ಟರಿಗೆ ಬಗ್ಗದ ಗಡಿಯಾರ

ದತ್ತು ಮಾಸ್ತರರ ಕೈಯಲ್ಲಿ ಯಾವ ಗಡಿಯಾರವೂ ಆರು ತಿಂಗಳು ಬಾಳಿದ್ದಿಲ್ಲ. ಒಂದು ಕಬಡ್ಡಿ ಅಂಕಣದಲ್ಲಿ ಒಡೆಯಿತು. ಇನ್ನೊಂದು ಬೆವರು ಕುಡಿದೇ ಸತ್ತಿತು. ಮತ್ತೊಂದು ಖೊಖೊ ಕಂಬಕ್ಕೆ ಬಡಿದು ಒಂಬತ್ತೂಕಾಲಿಗೆ ನಿಂತದ್ದು ಮತ್ತೆ ಕದಲಲಿಲ್ಲ. ಉಪ್ಪಿನಬೆಟಗೇರಿ ಹತ್ತಿರದ ಒಂದು ಹೈಸ್ಕೂಲಿನ ವ್ಯಾಯಾಮ ಶಿಕ್ಷಕರಾದ ಅವರಿಗೆ ಇದುವರೆಗೂ ಅದರಿಂದ ಹೇಳಿಕೊಳ್ಳುವಂಥ ತೊಂದರೆಯಾಗಿರಲಿಲ್ಲ. ಓಟದಲ್ಲಿ ಮೊದಲು ಬಂದವರ ಹೆಸರು ಬರೆದರೆ ಕೆಲಸ ಮುಗಿಯುತ್ತಿತ್ತು. ಈ ವರ್ಷ ಮಾತ್ರ ಗೆದ್ದವರ ಸಮಯವನ್ನೂ ಬರೆದು ಕಳಿಸಬೇಕೆಂದು ಮೇಲಿನಿಂದ ಹುಕುಂ ಬಂತು.

"ಟೈಮ್ ಒಂದೀಟ ತಪ್ಪಿದ್ರೂ ನಿಮ್ಮ ಸೀಟಿ ಗೌತಮ ಸರ್‌ಗೆ ಕೊಡ್ತೇನ್ರಿ," ಎಂದು ಹೆಡ್‌ಮಾಸ್ತರ ಮಾಲತೇಶ ಎಲ್ಲರೆದುರೇ ಹೇಳಿದರು. ಗೌತಮ ಗಣಿತದ ಮಾಸ್ತರ. ಆ ಸೀಟಿಯ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನಗಳಾಗಿದ್ದವು. ಹದಿನೆಂಟು ವರ್ಷ ಊದಿದ ಸೀಟಿ ಬೇರೆಯವರ ಬಾಯಿಗೆ ಹೋಗುತ್ತದೆಂಬ ಚಿಂತೆಯಲ್ಲಿ ದತ್ತು ಮಾಸ್ತರರಿಗೆ ಊಟ ಸೇರಲಿಲ್ಲ.

ಕ್ರೀಡಾಕೂಟದ ಹಿಂದಿನ ಸಂಜೆ ಅವರು ಹುಬ್ಬಳ್ಳಿಗೆ ಹೋಗಿ ವಸೀಮನ ಗಡಿಯಾರದ ಅಂಗಡಿ ಹೊಕ್ಕರು. ವಸೀಮ ಮೊದಲು ಥಳಥಳ ಹೊಳೆಯುವುದೊಂದನ್ನು ತೋರಿಸಿದ.

"ಇದರಾಗ ಫೋನ್ ಬರ್ತೈತ್ರಿ ಸರ್. ನೀವು ಎಷ್ಟೊತ್ತು ನಿದ್ದಿ ಮಾಡಿದ್ರಿ ಅನ್ನೋದನ್ನೂ ಹೇಳ್ತೈತಿ."

"ನನ್ನ ನಿದ್ದಿ ಲೆಕ್ಕಾ ನಮ್ಮ ಮನ್ಯಾಗ ಕಾಶೀಬಾಯಿ ಇಡ್ತಾಳಪಾ. ನನಗ ಧೂಳಾಗ, ನೀರಾಗ, ಬಿಸಲಾಗ ಸಾಯದಂಥಾದ್ದು ಬೇಕು."

ವಸೀಮ ಒಳಗಿನಿಂದ ಕರೀ ರಬ್ಬರಿನ, ಅಡಿಕೆ ಡಬ್ಬಿಯಷ್ಟು ದಪ್ಪನೆಯ ಡಿಜಿಟಲ್ ಗಡಿಯಾರವೊಂದನ್ನು ತಂದ. ದೊಡ್ಡ ಅಂಕಿ, ಬೆವರುಗೈಯಲ್ಲೂ ಜಾರದ ಗುಂಡಿ, ಸೆಕೆಂಡಿನ ನೂರನೇ ಪಾಲನ್ನೂ ಹೇಳುವ ಸ್ಟಾಪ್‌ವಾಚು. ಮಾತಾಡುತ್ತಲೇ ಅದನ್ನು ನೀರಿನ ಲೋಟದೊಳಗೆ ಬಿಟ್ಟ. ಅಂಕಿಗಳು ನೀರೊಳಗೂ ತಮ್ಮ ಪಾಡಿಗೆ ಓಡುತ್ತಿದ್ದವು. ದತ್ತು ಮಾಸ್ತರರು ಒಂದು ಮಾತೂ ಚೌಕಾಶಿ ಮಾಡದೆ ಅದನ್ನು ಕಟ್ಟಿಕೊಂಡು ಬಂದರು.

ಮರುದಿನ ಹತ್ತೂವರೆಗೆ ಹುಡುಗಿಯರ ನೂರು ಮೀಟರ್ ಓಟ. ಟ್ರ್ಯಾಕ್ಟರ್ ಮೆಕ್ಯಾನಿಕ್ ಮಕಬೂಲಸಾಬನ ಮಗಳು, ಒಂಬತ್ತನೇ ಇಯತ್ತೆಯ ಯಾಸ್ಮಿನ, ಬರಿಗಾಲಲ್ಲಿ ಬಾಣದಂತೆ ಬಂದು ಗೆರೆ ದಾಟಿದಳು. ಮಾಸ್ತರರು ಗುಂಡಿ ಒತ್ತಿದರು, ಗಡಿಯಾರ ನೋಡಿದರು, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಹತ್ತು ಸೆಕೆಂಡು, ಮೇಲೆ ಮೂವತ್ತೊಂದು ಪಾಲು.

ಗೌತಮ ಇಣುಕಿ ನೋಡಿ ಮೊಬೈಲಿನಲ್ಲಿ ಏನೋ ಹುಡುಕಿದ. ಅವನ ಮುಖ ಬಿಳಿಚಿತು. "ಸರ್, ಜಗತ್ತಿನ್ಯಾಗ ಇಲ್ಲೀತನಕ ಯಾವ ಹೆಣ್ಮಗಳೂ ಇಷ್ಟ ಲಗೂ ಓಡಿಲ್ರಿ!"

ಹೆಡ್‌ಮಾಸ್ತರರ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿದ್ದು ಅವರಿಗೇ ತಿಳಿಯಲಿಲ್ಲ. ಗ್ಯಾರೇಜಿಗೆ ಸುದ್ದಿ ಮುಟ್ಟಿ, ಮಕಬೂಲಸಾಬ ಟ್ರ್ಯಾಕ್ಟರ್ ಮೇಲೆಯೇ ಬಂದಿಳಿದ. ಕೈಯಲ್ಲಿ ಎರಡು ಕಿಲೋ ಫೇಡೆ, ಕಣ್ಣಲ್ಲಿ ನೀರು.

"ಸರ್, ನನ್ನ ಮಗಳು ಖರೇನ ಜಗತ್ತಿಗೇ ಫಸ್ಟ್ ಏನ್ರಿ?"

"ಎಲ್ಲೀ ಜಗತ್ತ್ರಿ! ಗಡಿಯಾರ ಢೋಂಗಿ ಅದ," ಎಂದ ಗೌತಮ.

ದತ್ತು ಮಾಸ್ತರರಿಗೆ ಮೈಯೆಲ್ಲ ಉರಿದುಹೋಯಿತು. ಗಡಿಯಾರ ಸುಳ್ಳಾದರೆ ಸೀಟಿ ಹೋದಂತೆಯೇ. "ಹಿಡೀರಿ, ಪರೀಕ್ಷಾ ಮಾಡ್ರಿ! ಬೇಕಾದ್ದು ಮಾಡ್ರಿ!" ಎಂದು ಬಿಚ್ಚಿ ಕೊಟ್ಟೇಬಿಟ್ಟರು.

ಗೌತಮ ಅದನ್ನು ಅತಿಥಿಗಳ ಮಜ್ಜಿಗೆಯ ಹಂಡೆಯಲ್ಲಿ ಮುಳುಗಿಸಿದ. ಆಮೇಲೆ ಶಾಲೆಯ ಮಾಳಿಗೆ ಹತ್ತಿ ಕೆಳಗೆ ಒಗೆದ. ಅದು ಕಲ್ಲುಹಾಸಿಗೆ ಬಡಿದು ಪುಟಿದು, ಮುಖ್ಯ ಅತಿಥಿಗಳ ಕುರ್ಚಿಯ ಕೆಳಗೆ ಹೋಗಿ ಕೂತಿತು. ಅತಿಥಿಗಳು ಕಾಲು ಮೇಲೆತ್ತಿಕೊಂಡರು. ಗಡಿಯಾರಕ್ಕೆ ಏನೂ ಆಗಿರಲಿಲ್ಲ.

"ಹಿಂಗ್ಯಾಕ್ರಿ? ನನ್ನ ಮಗಳ ಮಾನದ ಪ್ರಶ್ನಿ ಐತಿ," ಎಂದವನೇ ಮಕಬೂಲಸಾಬ ಅದನ್ನು ನೆಲಕ್ಕಿಟ್ಟು, ಟ್ರ್ಯಾಕ್ಟರ್ ಚಾಲೂ ಮಾಡಿ, ಹಿಂದಿನ ದೊಡ್ಡ ಗಾಲಿಯನ್ನು ಮೇಲೆ ಹತ್ತಿಸಿಯೇಬಿಟ್ಟ. ದತ್ತು ಮಾಸ್ತರರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ತೆರೆದು ನೋಡಿದರೆ, ಮಣ್ಣಿನಲ್ಲಿ ಅರ್ಧ ಹುಗಿದುಹೋದ ಗಡಿಯಾರದಲ್ಲಿ ಅಂಕಿಗಳು ಓಡುತ್ತಲೇ ಇದ್ದವು. ನಾಲ್ಕು ಮೊಬೈಲುಗಳನ್ನು ಪಕ್ಕದಲ್ಲಿಟ್ಟು ಒಂದು ನಿಮಿಷ ಎಣಿಸಿದರು. ನಾಲ್ಕಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮಕ್ಕಳು ಕೇಕೆ ಹಾಕಿದರು. ದತ್ತು ಮಾಸ್ತರರು ಎದೆ ಉಬ್ಬಿಸಿ ಗಡಿಯಾರವನ್ನು ಮತ್ತೆ ಕೈಗೆ ಕಟ್ಟಿಕೊಂಡರು. "ಇನ್ನೇನರ ಸಂಶೇ ಅದ ಏನ್ರಿ, ಗೌತಮ ಸರ್?"

"ಇಲ್ರಿ," ಎಂದ ಗೌತಮ. ಅವನು ನಿಜಕ್ಕೂ ಸೋತಿದ್ದ. ಆದರೆ ಗಣಿತದ ಮಾಸ್ತರ ನೋಡಿ, ಸೋತ ಮೇಲೂ ತಲೆ ಓಡುತ್ತಲೇ ಇತ್ತು. "ಗಡಿಯಾರ ಖರೇ ಅದ. ಹುಡುಗಿನೂ ಖರೇ ಅದಾಳ. ಹಂಗಾದ್ರ ಉಳಿದದ್ದು ಒಂದ. ಯಾರರ ಅಳತಿ ಟೇಪ್ ತರ್ರಿ."

ದತ್ತು ಮಾಸ್ತರರು ಮೆಲ್ಲಗೆ ಸುಣ್ಣದ ಗೆರೆಯ ಕಡೆ ನೋಡಿದರು. ಬೆಳಿಗ್ಗೆ ಹೊಸ ಗಡಿಯಾರದ ಗುಂಡಿ ಒತ್ತಿ ಒತ್ತಿ ಕಲಿಯುವುದರಲ್ಲೇ ಹೊತ್ತು ಹೋಗಿತ್ತು. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಬಂದಿರಲಿಲ್ಲ. ಒಂದು ಹೆಜ್ಜೆಗೆ ಒಂದು ಮೀಟರ್ ಎಂದುಕೊಂಡು, ಎಂದಿನಂತೆ ನೂರು ಹೆಜ್ಜೆ ನಡೆದು ಸುಣ್ಣದ ಗೆರೆ ಎಳೆದಿದ್ದರು. ಅವರ ಎತ್ತರವೋ ಐದಡಿ ಒಂದಿಂಚು.

ಟೇಪು ಬಂತು. ಈ ಗೆರೆಯಿಂದ ಆ ಗೆರೆಗೆ ಎಪ್ಪತ್ತಾರು ಮೀಟರು.

ಮಕಬೂಲಸಾಬ ಬಾಯಲ್ಲಿದ್ದ ಫೇಡೆಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. "ಗೆರಿ ಎಳದವರು ಯಾರ್ರಿ?" ಎಂದು ಹೆಡ್‌ಮಾಸ್ತರರು ಕೇಳಿದರು. ಎಲ್ಲರೂ ಒಬ್ಬರನ್ನೇ ನೋಡಿದರು. ಗಡಿಯಾರ ಢೋಂಗಿ ಎಂದಾಗಲೇ ಹೌದೆಂದು ಸುಮ್ಮನಾಗಿದ್ದರೆ, ತಪ್ಪು ವಸೀಮನ ಅಂಗಡಿಯ ಪಾಲಿಗೆ ಹೋಗುತ್ತಿತ್ತಲ್ಲ ಎಂದು ದತ್ತು ಮಾಸ್ತರರು ಒಳಗೊಳಗೇ ಹಲುಬಿದರು. ಮಕಬೂಲಸಾಬನ ಮುಖ ನೋಡಿದಾಗಲಂತೂ ನೆಲ ಬಾಯಿ ಬಿಡಬಾರದೇ ಅನಿಸಿತು.

"ಹೋಗ್ಲಿ ಬಿಡ್ರಿ ಸರ್, ನಾ ಮತ್ತ ಓಡ್ತೇನಿ," ಎಂದಳು ಯಾಸ್ಮಿನ. ಇಡೀ ಮೈದಾನದಲ್ಲಿ ಗಾಬರಿಯಾಗದವಳು ಅವಳೊಬ್ಬಳೇ.

ಹೆಡ್‌ಮಾಸ್ತರರು ದತ್ತು ಮಾಸ್ತರರ ಮುಂದೆ ಕೈಚಾಚಿದರು. "ಗಡಿಯಾರ ಕೊಡ್ರಿ."

"ಸರ್, ಗಡಿಯಾರದ್ದು ಏನೂ ತಪ್ಪಿಲ್ರಿ!" ಬೆಳಗಿನಿಂದ ವಾದಿಸಿದ ರಭಸದಲ್ಲಿ ಮಾತು ಅವರ ಬಾಯಿಂದ ತಾನೇ ಬಂದುಬಿಟ್ಟಿತು.

"ಅದು ಈಗ ಎಲ್ಲಾರಿಗೂ ಗೊತ್ತಾತ್ರಿ. ಅದಕ್ಕ ಅದು ಇಲ್ಲೇ ಇರ್ಲಿ, ಗೌತಮ ಸರ್ ಕಟ್ಕೋತಾರ. ನೀವು ಸೀಟಿ ಬಿಚ್ಚಿಟ್ಟು, ಟೇಪಿನ ಆ ತುದಿ ಹಿಡ್ಕೊಂಡು ನಡೀರಿ."