ಜಿಗಿ ಇಲ್ಲದ ರೊಟ್ಟಿ

ನಾನು ಅಣುಗಳ ಸೆಳೆತದ ಬಗ್ಗೆ ಬಾಯಿ ತೆರೆದಾಗಲೆಲ್ಲ ಏನಾದರೊಂದು ಕಚ್ಚಿಕೊಳ್ಳುತ್ತದೆ, ಇಲ್ಲವೇ ಚೂರಾಗುತ್ತದೆ. ಶಾಲೆಯಲ್ಲಿ ನಾನು ವಿಜ್ಞಾನದ ಅಕ್ಕೋರು, ಅಂದರೆ ಟೀಚರು; ಹುಡುಗರು ನಾನು ಹೇಳಿದ್ದನ್ನು ಸುಮ್ಮನೆ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ನಮ್ಮ ಅತ್ತೆ ಸುಮ್ಮನಿರುತ್ತಿರಲಿಲ್ಲ. ರೋಣದ ನಮ್ಮ ಮನೆಯಲ್ಲಿ ಈಗ ಅವರಿಲ್ಲ. ನೆನಪಾದದ್ದನ್ನು ನಗುತ್ತಲೇ ಬರೆಯಬೇಕೆಂದು ಕೂತಿದ್ದೇನೆ, ಎಷ್ಟಾಗುತ್ತದೋ ನೋಡೋಣ.

ಚಪ್ಪಲಿ

ಮದುವೆಯಾದ ಹೊಸತು. ಯಾವಗಲ್ಲಿನ ಹೊಲ ತೋರಿಸಲು ಅತ್ತೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಹಿಡಿದ ಕಾಲು ಬಿಡುವುದಿಲ್ಲ. ನನ್ನ ಒಂದು ಚಪ್ಪಲಿ ಹೂತೇಹೋಯಿತು. ಒಂಟಿಕಾಲಲ್ಲಿ ನಿಂತೇ ಪಾಠ ಶುರುಮಾಡಿದೆ.

"ಅತ್ತಿ, ಮಣ್ಣಿನ ಸಣ್ಣ ಸಣ್ಣ ಪದರಿನ ನಡುವ ನೀರಿನ ಅಣು ಹೊಕ್ಕಾವ್ರಿ. ಅವು ಮಣ್ಣನ್ನೂ ಹಿಡಕೊಂಡಾವು, ಚಪ್ಪಲಿನೂ ಹಿಡಕೊಂಡಾವು. ಬಿಡಸಬೇಕಂದ್ರ ನಾವು ಶಕ್ತಿ ಹಾಕಬೇಕ್ರಿ."

ಅತ್ತೆ ಪೂರ್ತಿ ಕೇಳಿಸಿಕೊಂಡರು. "ಎಳೀಬ್ಯಾಡ ಬಿಡವಾ," ಎಂದರು. "ನಮ್ಮ ಹೊಲ ಒಂದ ಚಪ್ಪಲಿ ಇಟಗೊಂಡೈತಿ. ಇನ್ನ ನೀ ತವರಮನಿಗೆ ಓಡಿಹೋಗಂಗಿಲ್ಲ."

ನೀರಿಗೆ ಜ್ವರ

ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನಷ್ಟು ಜಿಗಿ ಇಲ್ಲ, ಅಂದರೆ ಕಣಕ್ಕೆ ಕಣ ಹಿಡಿದುಕೊಳ್ಳುವ ಗುಣ ಕಡಿಮೆ. ಕುದಿಯುವ ಎಸರು ಸುರಿದರೆ ಹಿಟ್ಟಿನೊಳಗಿನ ಪಿಷ್ಟ ಆ ಕಾವಿಗೆ ಅರಳಿ, ನೀರನ್ನು ಹಿಡಿದು, ಒಂದಕ್ಕೊಂದು ಅಂಟುತ್ತದೆ. ಇದನ್ನು ನಾನು ನರಗುಂದದ ಶಾಲೆಯಲ್ಲಿ ಹಲಗೆ ತುಂಬ ಚಿತ್ರ ಬಿಡಿಸಿ ಕಲಿಸುತ್ತಿದ್ದೆ. ಮನೆಯಲ್ಲಿ ಮಾತ್ರ ನಾನು ಬಡಿದ ರೊಟ್ಟಿ ಅಂಚಿನಿಂದ ಬಿರಿದು, ಹಂಚಿಗೆ ಹೋಗುವಷ್ಟರಲ್ಲಿ ದಿಕ್ಕಿಗೊಂದು ಚೂರಾಗುತ್ತಿತ್ತು. ತಪ್ಪು ಎಸರಿನ ಕಾವಿನಲ್ಲಿದೆ ಎಂದು ಶಾಲೆಯ ಥರ್ಮಾಮೀಟರ್ ತಂದು ಪಾತ್ರೆಯಲ್ಲಿ ಅದ್ದಿ ನಿಂತೆ.

ಅತ್ತೆ ಒಳಗೆ ಬಂದವರು ಗಾಬರಿಯಾದಂತೆ ಮಾಡಿದರು. "ಯಾಕವಾ, ನೀರಿಗೆ ಜ್ವರ ಬಂದಾವೇನ?"

"ಕಾವು ನೋಡಾಕತ್ತೇನ್ರಿ ಅತ್ತಿ."

"ನೋಡು, ನೋಡು. ಭಾಳ ಇದ್ರ ಲಗೂನ ದವಾಖಾನಿಗೆ ಒಯ್ಯೋಣು."

ಅವತ್ತಿನ ರೊಟ್ಟಿಯೂ ಚೂರಾಯಿತು. ಅತ್ತೆ ಹಂಚಿನ ಕಡೆ ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟು, "ಪೇಶಂಟ ಉಳೀಲಿಲ್ಲ," ಎಂದರು.

ಚೆಂಡು

ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ಈ ಮನೆಗೆಲ್ಲ ರೊಟ್ಟಿ ಬಡಿದಿದ್ದ ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತು. ಡಾಕ್ಟರು ಹಿಚುಕುತ್ತಿರಲಿ ಎಂದು ಒಂದು ರಬ್ಬರ್ ಚೆಂಡು ಕೊಟ್ಟರು. ಧೈರ್ಯ ತುಂಬಲು ನನಗೆ ಬರುವುದು ಒಂದೇ ವಿದ್ಯೆ. "ನೋಡ್ರಿ ಅತ್ತಿ, ಒತ್ತಿದ ಶಕ್ತಿ ಎಲ್ಲೂ ಹೋಗಂಗಿಲ್ಲ. ಒಳಗ ಕೂಡಿ ಇರತೈತಿ. ಕೈ ಬಿಟ್ರ ಚೆಂಡು ಹೊಳ್ಳಿ ಮೊದಲಿನಂಗ ಆಗತೈತಿ."

ಅತ್ತೆ ಚೆಂಡನ್ನೂ ಬಲಗೈಯನ್ನೂ ನೋಡಿದರು. "ಚೆಂಡು ಹೊಳ್ಳಿ ಮೊದಲಿನಂಗ ಆಗತೈತಿ. ಈ ಕೈ ಯಾಕ ಆಗವಲ್ದು?"

ನನಗೆ ಅಳು ಬಂತು, ಮುಖ ತಿರುಗಿಸಿದೆ. ಅಷ್ಟರಲ್ಲಿ ಅತ್ತೆ ಎಡಗೈಯಿಂದ ಚೆಂಡು ಬೀಸಿದರು. ಟೀವಿ ನೋಡುತ್ತಿದ್ದ ನಮ್ಮ ಯಜಮಾನರ ನೆತ್ತಿಗೆ ಬಿತ್ತು. ಅವರು ಹೌಹಾರಿ ತಿರುಗಿದರೆ ಅತ್ತೆ ನನ್ನನ್ನು ತೋರಿಸಿ, "ನಂದೇನೂ ಇಲ್ಲಪಾ. ಕೂಡಿಟ್ಟ ಶಕ್ತಿ ಅಂತ," ಎಂದರು.

ಎರಡು ಕೈ

ಆಮೇಲೆ ಅತ್ತೆ ಊಟ ಬಿಡತೊಡಗಿದರು. ನನ್ನ ರೊಟ್ಟಿಯ ಸೊಗಸು ಊರಿಗೇ ಗೊತ್ತು. ಅದಕ್ಕೇ ಯಜಮಾನರು ಗಜೇಂದ್ರಗಡಕ್ಕೆ ಹೋದಾಗಲೆಲ್ಲ ಅಂಗಡಿಯ ಕಡಕ್ ರೊಟ್ಟಿ ತರುತ್ತಿದ್ದರು. ತೆಳ್ಳಗೆ, ದುಂಡಗೆ, ಒಂದು ಬಿರುಕಿಲ್ಲ. ಅತ್ತೆ ಪಲ್ಯ ಮಾತ್ರ ತಿಂದು ರೊಟ್ಟಿಯನ್ನು ಹಾಗೇ ಬಿಡುತ್ತಿದ್ದರು. "ಹಸಿವಿಲ್ಲವಾ" ಎನ್ನುವುದೊಂದೇ ಮಾತು. ದಿನದಿಂದ ದಿನಕ್ಕೆ ಸೊರಗಿದರು. ಹೀಗೆ ಉಣ್ಣದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದರು.

ಒಂದು ಮಧ್ಯಾಹ್ನ ಅಂಗಡಿ ರೊಟ್ಟಿ ತೀರಿತ್ತು. ನಾನೇ ಬಡಿದೆ. ಎಂದಿನಂತೆ ಚೂರಾಯಿತು. ನಾಚಿಕೊಂಡು ಆ ಚೂರುಗಳನ್ನೇ ಹೆಸರುಕಾಳಿನ ಪಲ್ಯದ ಜೊತೆ ತಾಟಿಗೆ ಹಾಕಿಕೊಟ್ಟೆ. ಅತ್ತೆ ಎಡಗೈಯಿಂದ ಒಂದೊಂದೇ ಚೂರು ಎತ್ತಿ ತಾಟು ಬರಿದು ಮಾಡಿದರು.

"ಅತ್ತಿ, ಅಂಗಡೀದು ಯಾಕ ತಿನ್ನಲಿಲ್ರಿ?"

"ಅದನ್ನ ಮುರ್ಯಾಕ ಎರಡ ಕೈ ಬೇಕವಾ. ಮುರದ ಕೊಡು ಅಂತ ಕೇಳಾಕ ನಾಚಿಕಿ." ಆಮೇಲೆ ಕಣ್ಣು ಮಿಟುಕಿಸಿದರು. "ನಿಂದು ಚಲೋ ನೋಡು, ತಾನ ಮುರಕೊಂಡ ಬರತೈತಿ."

ಅವತ್ತಿನಿಂದ ಅವರಿರುವವರೆಗೆ ನಾನೇ ಬಡಿದೆ. ಚೂರಾದಷ್ಟೂ ಹೊಗಳಿಸಿಕೊಂಡ ಸೊಸೆ ಈ ತಾಲೂಕಿನಲ್ಲಿ ಇನ್ನೊಬ್ಬಳಿರಲಾರಳು.

ಎಡೆ

ಅತ್ತೆ ಹೋದರು. ಅಂಟಿಕೊಂಡದ್ದನ್ನು ಬಿಡಿಸಲು ಎಷ್ಟು ಶಕ್ತಿ ಬೇಕೆಂದು ಅದೆಷ್ಟೋ ವರ್ಷ ಕಲಿಸಿದವಳು, ನನಗೇ ಅದು ಆಗಲಿಲ್ಲ. ಅವರ ಸೀರೆ ಇನ್ನೂ ಗೂಟದಲ್ಲೇ ಇದೆ.

ಫೋಟೋದ ಮುಂದೆ ಎಡೆ ಇಡುವ ದಿನ ಮನೆ ತುಂಬ ಜನ. ರೊಟ್ಟಿ ಮಾತ್ರ ನಾನೇ ಬಡಿಯುತ್ತೇನೆಂದು ಹಟ ಹಿಡಿದೆ. ಎಸರು ಸುರಿದೆ, ನಾದಿದೆ, ಬಡಿದೆ, ಹಂಚಿಗೆ ಹಾಕಿದೆ. ಒಂದು ಬಿರುಕಿಲ್ಲ! ದುಂಡಗೆ ಉಬ್ಬಿ ಎದ್ದಿತು. "ಅತ್ತಿ, ನೋಡಬರ್ರಿ!" ಎಂದು ಕೂಗಿಯೇಬಿಟ್ಟೆ.

ರೊಟ್ಟಿ ಆರುವವರೆಗೆ ಅಲ್ಲೇ ಕೂತಿದ್ದೆ. ಆಮೇಲೆ ಎರಡೂ ಕೈಯಿಂದ ಅದನ್ನು ಸಣ್ಣಗೆ ಮುರಿದು, ತಾಟಿಗೆ ಹಾಕಿ, ಫೋಟೋದ ಎಡಗೈ ಕಡೆಗೆ ಇಟ್ಟೆ.

ಪಕ್ಕದ ಮನೆಯಾಕೆ ಇಣುಕಿ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. "ಅಯ್ಯ ಅಕ್ಕೋರ, ಇವತ್ತೂ ಒಡದ್ವೇನ್ರಿ?"

"ಹೌದ್ರಿ," ಎಂದೆ. "ನಮ್ಮ ಅತ್ತಿಯವರಿಗೆ ಒಡದದ್ದ ಸೇರತೈತಿ."