ಗ್ರಾಹಕ ಸಂಖ್ಯೆ ಒಂದಕ್ಕೆ ಒಂದು ಹ್ಯಾಂಗರ್ ಮಂಜೂರು ಮಾಡುವ ಬಗ್ಗೆ

ಇಂದ,
ಇಸ್ತ್ರಿ ವಿಭಾಗದ ಹಿರಿಯ ನೌಕರ ಹಾಗೂ ಇದೇ ಲಾಂಡ್ರಿಯ ಸ್ವಯಂಘೋಷಿತ ಪ್ರೋಗ್ರಾಮರ್,
ಎರಡನೇ ಮೇಜು, ಬಾಯ್ಲರ್ ಕೋಣೆಯ ಪಕ್ಕ.

ಗೆ,
ಮಾನ್ಯ ಯಜಮಾನಿಯವರು,
ಇದೇ ಲಾಂಡ್ರಿ, ಗಾಜಿನ ಕೋಣೆ.

ಮೂಲಕ: ಕೌಂಟರ್ ಮೇಡಂ (ಓದದೆ ತಲುಪಿಸುತ್ತೇನೆ ಎಂದಿದ್ದಾರೆ, ಓದಿಯೇ ತಲುಪಿಸುತ್ತಾರೆ).

ವಿಷಯ: ನನ್ನ ಪ್ರೋಗ್ರಾಮನ್ನು ಅಳಿಸಿಹಾಕಲು ನನ್ನ ತಕರಾರಿಲ್ಲದಿರುವ ಬಗ್ಗೆ, ಮತ್ತು ಅದರಲ್ಲಿರುವ ಒಂದು ತಪ್ಪನ್ನು ಮಾತ್ರ ಉಳಿಸಿಕೊಡುವ ಬಗ್ಗೆ.

ಉಲ್ಲೇಖ:
೧. ಹೊಸ ಸಾಫ್ಟ್‌ವೇರ್ ಹಾಕಿಸುತ್ತೇನೆ ಎಂದು ತಾವು ಚಹಾ ಕುಡಿಯುತ್ತ ನೀಡಿದ ಮೌಖಿಕ ಆದೇಶ.
೨. ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರ್ ನನ್ನ ಪ್ರೋಗ್ರಾಂ ನೋಡಿ ಕೊಟ್ಟ ವರದಿ.
೩. ಸದರಿ ವರದಿ ಓದಿ ತಾವು ನಕ್ಕಿದ್ದು.

ಮಾನ್ಯರೇ,

ತಮ್ಮ ಲಾಂಡ್ರಿಯಲ್ಲಿ ಬಹಳ ಕಾಲದಿಂದ ನಿಂತೇ ಕೆಲಸ ಮಾಡಿಕೊಂಡು ಬಂದಿರುವ ನಾನು ಈ ಅರ್ಜಿಯನ್ನು ಮಾತ್ರ ಕುಳಿತು ಬರೆಯುತ್ತಿದ್ದೇನೆ. ವಿಷಯ ಎಷ್ಟು ಗಂಭೀರವಾದದ್ದು ಎಂಬುದು ತಮಗೆ ಇದರಿಂದಲೇ ಮನವರಿಕೆಯಾಗಬೇಕು. ಕೆಳಗಿನ ಅಂಶಗಳಲ್ಲಿ ಕೆಲವು ತಮಗೆ ಗೊತ್ತಿರುವಂಥವೇ. ಅವು ನಡೆದಾಗ ತಾವು ನನ್ನನ್ನು ಬೈಯುತ್ತ ಅಲ್ಲೇ ನಿಂತಿದ್ದಿರಿ. ಆದರೂ ಅರ್ಜಿ ಎಂದಮೇಲೆ ಬುಡದಿಂದ ಹೇಳಬೇಕಾದ ಕಾರಣ ಹೇಳುತ್ತಿದ್ದೇನೆ.

೧. ನಾನು ಪ್ರೋಗ್ರಾಮಿಂಗ್ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ, ಎರಡನೇ ಮೇಜಿನ ಮೇಲೆ. ಗಂಜಿ ಡಬ್ಬಕ್ಕೆ ಫೋನ್ ಒರಗಿಸಿಟ್ಟು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಇನ್ನೊಂದು ಕಿವಿಯನ್ನು ತಮ್ಮ ಬೈಗುಳಕ್ಕೆ ಮೀಸಲಿಟ್ಟು ಪಾಠ ಕೇಳಿದೆ. ವಿಡಿಯೋದ ಮೇಷ್ಟ್ರು ಪ್ರತಿ ಪಾಠವನ್ನೂ "ಇದು ತುಂಬಾ ಸುಲಭ" ಎಂದೇ ಶುರು ಮಾಡುತ್ತಿದ್ದರು. ಅವರು ಸುಲಭ ಎಂದದ್ದು ಯಾವುದೂ ನನ್ನ ತಲೆಗೆ ಒಂದೇ ಸಲಕ್ಕೆ ಹತ್ತಿದ್ದಿಲ್ಲ. ಅಂಥದ್ದೊಂದು ಪಾಠ ಕೊನೆಗೂ ಅರ್ಥವಾದ ಖುಷಿಯಲ್ಲಿ ಮೈಮರೆತು, ಗ್ರಾಹಕರೊಬ್ಬರ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಹಾಗೇ ಬಿಟ್ಟೆ. ಕಂದು ಬಣ್ಣದ ತ್ರಿಕೋನ ಮೂಡಿತು. "ಇನ್ನು ಇದನ್ನ ನೀನೇ ಹಾಕ್ಕೋ" ಎಂದು ತಾವು ಆದೇಶಿಸಿದಿರಿ. ಪಾಲಿಸುತ್ತ ಬಂದಿದ್ದೇನೆ. ಸದರಿ ಅಂಗಿ ಈ ಅರ್ಜಿಯ ಕೊನೆಯಲ್ಲಿ ಮತ್ತೆ ಬರಲಿದೆಯಾದ್ದರಿಂದ ದಯವಿಟ್ಟು ನೆನಪಿನಲ್ಲಿಡುವುದು.

ಮನೆಯಲ್ಲೂ ಪರಿಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. "ಒಂದು ಚುಕ್ಕೆ ಬಿಟ್ಟಿದ್ದಕ್ಕೆ ಮುನಿಸ್ಕೊಳ್ಳೋ ಯಂತ್ರದ ಹತ್ರ ಇಷ್ಟು ತಾಳ್ಮೆ ಇದೆಯಲ್ಲ ನಿಮಗೆ, ನನ್ನ ಹತ್ರ ಯಾಕಿಲ್ಲ?" ಎಂದು ನನ್ನ ಹೆಂಡತಿ ಕೇಳಿದಳು. ಈ ಪ್ರಶ್ನೆಗೆ ಉತ್ತರವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ, ಸಿಗಲಿಲ್ಲ.

೨. ಆ ಕಾಲದಲ್ಲಿ ಕಳೆದ ಬಟ್ಟೆ ಹುಡುಕುವುದೇ ನಮ್ಮ ಲಾಂಡ್ರಿಯ ಮುಖ್ಯ ಉದ್ಯೋಗವಾಗಿತ್ತು, ಒಗೆಯುವುದು ಉಪ ಉದ್ಯೋಗ. ಆದ್ದರಿಂದ ತಾವು ಗುಜರಿಗೆ ಹಾಕಬೇಕೆಂದಿದ್ದ ಕಂಪ್ಯೂಟರನ್ನು ಬೇಡಿ ಪಡೆದು, ಚೀಟಿ ಸಂಖ್ಯೆ ಒತ್ತಿದರೆ ಬಟ್ಟೆ ಯಾವ ಹ್ಯಾಂಗರಿನಲ್ಲಿದೆ ಎಂದು ಹೇಳುವ ಪ್ರೋಗ್ರಾಂ ಬರೆದೆ. ಅದು ಮೊದಲ ಸಲ ಹೇಳಿದ ಹ್ಯಾಂಗರಿನ ಕಡೆ ಕೌಂಟರ್ ಮೇಡಂ ಮೂಗು ಮುರಿಯುತ್ತಲೇ ಹೋದರು. ತಿರುಗಿ ಬರುವಾಗ ಕೈಯಲ್ಲಿ ಸೀರೆ ಇತ್ತು. "ರೀ, ನಿಜವಾಗ್ಲೂ ಅಲ್ಲೇ ಇದೆ ಕಣ್ರಿ!" ಎಂದು ಕೂಗಿದರು. ನನ್ನ ಇಡೀ ವಿದ್ಯಾಭ್ಯಾಸದ ಘಟಿಕೋತ್ಸವ ಎಂದರೆ ಅಷ್ಟೇ. ನನಗೆ ಅದು ಧಾರಾಳವಾಗಿ ಸಾಕಾಗಿತ್ತು.

೩. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡು ಎಂದು ಯಂತ್ರಕ್ಕೆ ಒಂದೇ ಮಾತಿನಲ್ಲಿ ಹೇಳುವ ವಿದ್ಯೆಗೆ ಲೂಪ್ ಎನ್ನುತ್ತಾರೆ. ಕಾಲೇಜಿಗೆ ಹೋದವರು ಇದನ್ನು ಮೊದಲ ವಾರದಲ್ಲೇ ಕಲಿಯುತ್ತಾರಂತೆ. ನನ್ನ ಫೋನ್ ತನಗೆ ತೋಚಿದ ಕ್ರಮದಲ್ಲಿ ಪಾಠ ತೋರಿಸುತ್ತಿದ್ದ ಕಾರಣ, ಆ ಒಂದು ಪಾಠ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಆದ ಕಾರಣ ಹ್ಯಾಂಗರ್ ಒಂದಕ್ಕೆ ಒಂದು ಸಾಲು, ಎರಡಕ್ಕೆ ಒಂದು ಸಾಲು, ಹೀಗೆ ಗೋಡೆಯಿಂದ ಗೋಡೆಯವರೆಗಿನ ಎಲ್ಲ ಹ್ಯಾಂಗರುಗಳಿಗೂ ಬೇರೆ ಬೇರೆಯಾಗಿ ಬರೆದೆ. ತಾವು ಹೊಸ ಹ್ಯಾಂಗರ್ ತರಿಸಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತಿದ್ದುದು ಇದೇ ಕಾರಣಕ್ಕೆ. ತಾವು ಅಂದುಕೊಂಡಂತೆ ಕ್ಯಾಂಟೀನಿನ ಊಟದಿಂದಲ್ಲ.

ಮೊನ್ನೆ ಇಂಜಿನಿಯರ್ ಬಂದು ಇದನ್ನೆಲ್ಲ ನೋಡಿದರು. ಒಳ್ಳೆಯ ಹುಡುಗ, ನಗಲಿಲ್ಲ. ಸುಮಾರು ಹೊತ್ತು ಗಲ್ಲಕ್ಕೆ ಕೈಯಿಟ್ಟು ಕುಳಿತು, "ಸಾರ್, ಇದು ಹೇಗೆ ಓಡ್ತಿದೆ?" ಎಂದು ಕೇಳಿದರು.

"ನನಗೂ ಅದೇ ಆಶ್ಚರ್ಯ" ಎಂದೆ.

ಅವರು ವರದಿಯಲ್ಲಿ ಬರೆದದ್ದೆಲ್ಲ ಸರಿಯಾಗಿದೆ. ನನ್ನ ಪ್ರೋಗ್ರಾಂ ಹೋಗಲೇಬೇಕಾದದ್ದು. ಈ ಬಗ್ಗೆ ಅರ್ಜಿದಾರನಿಗೆ ಬೇಸರವಿದೆ, ತಕರಾರಿಲ್ಲ.

೪. ಕೊನೆಗೊಂದು ದಿನ ಲೂಪಿನ ಪಾಠ ಸಿಕ್ಕಿತು. ಒಂದು ಕಡೆ ಕುಣಿಯುವಷ್ಟು ಸಂತೋಷ, ಇನ್ನೊಂದು ಕಡೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು. ಆ ಆವೇಶದಲ್ಲಿ ಕಂಡಕಂಡದ್ದನ್ನೆಲ್ಲ ಲೂಪಿಗೆ ಹಾಕಿದೆ. ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಗ್ರಾಹಕರ ಫೋನುಗಳಿಗೆ "ನಿಮ್ಮ ಬಟ್ಟೆ ಸಿದ್ಧವಾಗಿದೆ, ದಯವಿಟ್ಟು ಬಂದು ತೆಗೆದುಕೊಂಡು ಹೋಗಿ" ಎಂಬ ಮೆಸೇಜನ್ನು ಒಬ್ಬರಾದ ಮೇಲೆ ಒಬ್ಬರಿಗೆ ಕಳಿಸುವಂತೆ ಏರ್ಪಾಟು ಮಾಡಿದೆ. ಬಟ್ಟೆ ನಿಜವಾಗಿ ಸಿದ್ಧವಿದ್ದವರಿಗೆ ಮಾತ್ರ ಕಳಿಸು ಎಂದು ಹೇಳುವುದು ಮರೆತುಹೋಯಿತು.

ಆ ಶನಿವಾರ ತಮಗೆ ನೆನಪಿರಬಹುದು. ನಮ್ಮಲ್ಲಿ ಎಂದಾದರೂ ಒಂದು ಕರವಸ್ತ್ರ ಒಗೆಸಿದ್ದವರೂ ಬಂದರು. ಸಾಲು ಬೇಕರಿಯ ತನಕ ಹೋಯಿತು. ನಾವು ಯಾವತ್ತೋ ಕಳೆದುಹಾಕಿದ್ದ ಕೋಟಿನ ಮುದುಕರು ಕೋಲೂರಿಕೊಂಡು ಬಂದು, "ಕೊನೆಗೂ ಸಿಕ್ತಾ ತಾಯಿ?" ಎಂದು ತಮ್ಮನ್ನು ಕೇಳಿದ್ದು, ತಾವು ನನ್ನ ಕಡೆ ತಿರುಗಿ ನೋಡಿದ್ದು, ಇವು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿವೆ.

೫. ತಮಗೆ ಗೊತ್ತಿಲ್ಲದಿರುವುದು ಇಲ್ಲಿಂದ ಶುರುವಾಗುತ್ತದೆ.

ಆ ಸಾಲಿನಲ್ಲಿ ನನ್ನ ಅಕ್ಕ ನಿಂತಿದ್ದರು.

ಪ್ರೋಗ್ರಾಂ ಬರೆಯುವಾಗ ಪ್ರಯೋಗಕ್ಕೆಂದು ಒಬ್ಬ ಗ್ರಾಹಕರ ಹೆಸರು, ಫೋನ್ ನಂಬರ್ ಬೇಕಾಗುತ್ತದೆ. ನನ್ನದು ಬಿಟ್ಟರೆ ನನಗೆ ಬಾಯಿಪಾಠ ಬರುವುದು ಅಕ್ಕನ ನಂಬರ್ ಒಂದೇ. ಆದ ಕಾರಣ ಗ್ರಾಹಕ ಸಂಖ್ಯೆ ಒಂದು ಎಂದು ಅಕ್ಕನನ್ನೇ ಹಾಕಿದ್ದೆ. ಬಟ್ಟೆ: ಏನೂ ಇಲ್ಲ. ಸ್ಥಿತಿ: ಸಿದ್ಧ. ಏನನ್ನೂ ವಿಚಾರಿಸದೆ ಈ ಗ್ರಾಹಕರಿಗೆ ಮೆಸೇಜ್ ಕಳಿಸು ಎಂಬ ಒಂದು ಸಾಲನ್ನೂ ಪ್ರಯೋಗಕ್ಕೆಂದೇ ಬರೆದಿದ್ದೆ. ಲೂಪ್ ಒಂದರಿಂದ ಶುರುವಾಗುತ್ತದಾದ್ದರಿಂದ, ನನ್ನ ಜನ್ಮದ ಮೊಟ್ಟಮೊದಲ ಮೆಸೇಜ್ ಹೋದದ್ದು ಸದರಿ ಅಕ್ಕನವರಿಗೆ.

ಸದರಿ ಅಕ್ಕನವರಿಗೂ ನನಗೂ ಆಗ ಮಾತಿರಲಿಲ್ಲ. ಅವರ ಮಗಳ ಮದುವೆಯಲ್ಲಿ ಬೀಗರಿಗೆ ನನ್ನನ್ನು ಪರಿಚಯಿಸುತ್ತ, "ಇವನು ನನ್ನ ತಮ್ಮ. ಇಸ್ತ್ರಿ ಮಾಡ್ತಾನೆ. ಕಂಪ್ಯೂಟರೂ ಕಲೀತಿದಾನಂತೆ, ಯಾವ ಜನ್ಮಕ್ಕೆ ಮುಗಿಯುತ್ತೋ!" ಎಂದಿದ್ದರು. ಬೀಗರೆಲ್ಲ ನಕ್ಕರು. ನಾನು ಊಟ ಮಾಡದೆ ಎದ್ದು ಬಂದೆ. ನಗಿಸಿದವಳು ಅವಳು, ಅವಳೇ ಫೋನ್ ಮಾಡಲಿ ಎಂದು ನಾನು. ಊಟ ಬಿಟ್ಟು ಹೋದವನು ಅವನು, ಅವನೇ ಮಾಡಲಿ ಎಂದು ಅವರು. ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಹಟವೇ ಎಂದು ತಾವು ಕೇಳಬಹುದು. ನಮ್ಮ ಮನೆತನದವರನ್ನು ತಾವು ಇನ್ನೂ ನೋಡಿಲ್ಲ.

ತಾವು ಕೋಟಿನ ಮುದುಕರಿಗೆ ಸಮಾಧಾನ ಹೇಳುತ್ತಿದ್ದಾಗ ಅಕ್ಕ ನೇರವಾಗಿ ನನ್ನ ಮೇಜಿನ ಹತ್ತಿರ ಬಂದರು. ಫೋನ್ ಮುಂದೆ ಹಿಡಿದು, "ನಾನು ಬಟ್ಟೆ ಕೊಟ್ಟೇ ಇಲ್ಲ. ಆದ್ರೂ ಸಿದ್ಧವಾಗಿದೆ ಅಂತ ಬಂದಿದೆ. ಯಾವ ಬಟ್ಟೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದರು.

ಸ್ವಂತ ಅಕ್ಕನಿಗೆ, ಗ್ರಾಹಕರಿಗೆ ಹೇಳುವ ಹಾಗೆಯೇ, "ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ. ಮುಂದಿನ ಶನಿವಾರ ಬನ್ನಿ" ಎಂದುಬಿಟ್ಟೆ.

ಅವರು ನನ್ನ ಅಂಗಿಯ ಬೆನ್ನಿನ ತ್ರಿಕೋನ ನೋಡಿ ಹೊರಟುಹೋದರು.

೬. ತಮ್ಮ ಕಟ್ಟುನಿಟ್ಟಿನ ಆದೇಶದಂತೆ ಉಳಿದ ಗ್ರಾಹಕರ ವಿಷಯದಲ್ಲಿ ಆ ತಪ್ಪನ್ನು ಅವತ್ತೇ ತಿದ್ದಿದೆ. ಆದರೆ ಪ್ರಯೋಗದ ಆ ಒಂದು ಸಾಲು ಗಡಿಬಿಡಿಯಲ್ಲಿ ಉಳಿದುಹೋಯಿತು. ಮುಂದಿನ ಶನಿವಾರ ಗ್ರಾಹಕ ಸಂಖ್ಯೆ ಒಂದಕ್ಕೆ ಮತ್ತೆ ಮೆಸೇಜ್ ಹೋಯಿತು. ಅಕ್ಕ ಮತ್ತೆ ಬಂದರು. ಈ ಸಲ ಕೈಯಲ್ಲಿ ಒಂದು ಚೀಲ. "ಬರಿಗೈಲಿ ಬಂದ್ರೆ ಚೆನ್ನಾಗಿರಲ್ಲ" ಎಂದು ಭಾವನವರ ಎರಡು ಅಂಗಿ ತೆಗೆದು ಮೇಜಿನ ಮೇಲಿಟ್ಟರು.

ಅವು ಆಗಲೇ ಇಸ್ತ್ರಿಯಾಗಿದ್ದ ಅಂಗಿಗಳು. ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಅಷ್ಟು ಗೊತ್ತಾಗದೇ? ನಾನು ನೀರು ಚಿಮುಕಿಸಿ, ಮೊದಲಿನಿಂದ ಮತ್ತೆ ಇಸ್ತ್ರಿ ಮಾಡಿದೆ. ಅಕ್ಕ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದರು.

"ಕಾಲರ್ ಸರಿ ಮಾಡು."

"ಮಾಡ್ತಿದೀನಲ್ಲ."

ಅವತ್ತಿಗೆ ಅಷ್ಟೇ ಮಾತು. ಅಲ್ಲಿಂದ ಈಚೆಗೆ ಪ್ರತಿ ಶನಿವಾರ ಮೆಸೇಜ್ ಹೋಗುತ್ತದೆ, ಅಕ್ಕ ಬರುತ್ತಾರೆ, ಇಸ್ತ್ರಿಯಾದ ಬಟ್ಟೆ ಮತ್ತೆ ಇಸ್ತ್ರಿಯಾಗುತ್ತದೆ. ಈಗೀಗ ಮಾತೂ ಸುಮಾರಾಗಿ ಬೆಳೆದಿದೆ: ಭಾವನ ಮಂಡಿನೋವು, ಅಕ್ಕನ ಅಳಿಯನ ಗೊರಕೆ, ನನ್ನ ಹೆಂಡತಿಯ ಪರವಾಗಿ ನನಗೆ ಬೈಗುಳ. ಮದುವೆಯ ಮಾತು ಮಾತ್ರ ಇಬ್ಬರೂ ಎತ್ತಿಲ್ಲ. ಇದೆಲ್ಲ ನನ್ನ ಚಹಾ ವಿರಾಮದಲ್ಲಿಯೇ ನಡೆಯುತ್ತದೆ ಎಂದು ದೃಢೀಕರಿಸುತ್ತೇನೆ.

ಆ ಸಾಲನ್ನು ತೆಗೆಯುವುದು ಹೇಗೆಂದು ನನಗೆ ಬಹಳ ಹಿಂದೆಯೇ ಗೊತ್ತಾಗಿದೆ. ತೆಗೆದಿಲ್ಲ. ಮೆಸೇಜ್ ತಪ್ಪಾಗಿ ಬರುತ್ತಿದೆ ಎಂದು ಅಕ್ಕನವರಿಗೆ ಗೊತ್ತಿದೆಯೋ ಇಲ್ಲವೋ ಅರ್ಜಿದಾರನಿಗೆ ತಿಳಿದಿಲ್ಲ, ಕೇಳುವ ಧೈರ್ಯವೂ ಇಲ್ಲ.

೭. ಬಾಯ್ಲರಿನ ಹಬೆ ಹೊಕ್ಕು ಕಂಪ್ಯೂಟರ್ ಕೆಟ್ಟು ಕುಳಿತಿದ್ದ ವಾರ ಮೆಸೇಜ್ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೌಂಟರಿನ ಫೋನ್ ರಿಂಗಾಯಿತು. ಕೌಂಟರ್ ಮೇಡಂ ಮಾತಾಡಿ ಇಟ್ಟು, ನನ್ನ ಮೇಜಿನ ಹತ್ತಿರ ಬಂದು ಹೀಗೆಂದರು: "ಯಾರೋ ಒಬ್ರು ಗ್ರಾಹಕರು ಜೋರು ಮಾಡ್ತಿದಾರೆ. ಈ ಶನಿವಾರ ಮೆಸೇಜ್ ಬಂದಿಲ್ವಂತೆ. ಏನೋ ಕೆಟ್ಟಿರಬೇಕು, ನಿಮ್ಮ ಪ್ರೋಗ್ರಾಮರ್‌ಗೆ ಹೇಳಿ ಸರಿ ಮಾಡಿಸಿ ಅಂದ್ರು. ನಮ್ಮಲ್ಲಿ ಪ್ರೋಗ್ರಾಮರ್ ಯಾರ್ರೀ ಇದಾರೆ?"

ಯಾರು ಆ ಗ್ರಾಹಕರು ಎಂದು ನಾನು ಕೇಳಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ (ಈ ಸಲ ಮರೆಯದೆ), ಬಾಯ್ಲರ್ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಕಣ್ಣು ಯಾಕೆ ಕೆಂಪಗಿದೆ ಎಂದು ತಾವು ಕೇಳಿದಾಗ ಹಬೆ ಎಂದೆ. ಮಾನ್ಯರೇ, ಅದು ಹಬೆಯಲ್ಲ. ಇಂಜಿನಿಯರ್ ನನ್ನನ್ನು ಪ್ರೋಗ್ರಾಮರ್ ಎಂದು ಕರೆದಿಲ್ಲ, ತಾವು ಕರೆದಿಲ್ಲ, ಈ ಅರ್ಜಿಯ ತಲೆಯಲ್ಲಿ ನನ್ನನ್ನು ನಾನೇ ಕರೆದುಕೊಂಡಿದ್ದೇನೆ. ನನ್ನನ್ನು ಹಾಗೆ ಕರೆದ ಮೊದಲನೆಯವರು ನನ್ನ ಅಕ್ಕ.

೮. ಈಗ ತೊಂದರೆ ಏನೆಂದರೆ, ವರದಿಯಲ್ಲಿ ಇಂಜಿನಿಯರ್ "ಗ್ರಾಹಕ ಸಂಖ್ಯೆ ಒಂದು ಎಂಬುದು ಪ್ರಯೋಗಕ್ಕೆ ಹಾಕಿದ ಸುಳ್ಳು ನಮೂದು, ಅಳಿಸತಕ್ಕದ್ದು" ಎಂದು ಬರೆದಿದ್ದಾರೆ. ಅದೊಂದನ್ನು ಹೊಸದಕ್ಕೆ ಸಾಗಿಸಿಕೊಡಿ ಎಂದು ಅವರನ್ನು ಗೋಗರೆದೆ. "ಬಟ್ಟೆ ಇಲ್ದೆ ಮೆಸೇಜ್ ಹೋಗಲ್ಲ ಸಾರ್, ಸಿಸ್ಟಂ ಒಪ್ಪಲ್ಲ. ಬಟ್ಟೆ ಹ್ಯಾಂಗರ್‌ನಲ್ಲಿ ಇರೋ ತನಕ ಮಾತ್ರ ಪ್ರತಿ ಶನಿವಾರ ನೆನಪಿಸುತ್ತೆ" ಎಂದರು. ಪಾಪ, ಅವರು ತಮಗೆ ತಿಳಿಯದೆಯೇ ದಾರಿ ತೋರಿಸಿದರು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ನನ್ನ ಪ್ರೋಗ್ರಾಮನ್ನು ಪೂರ್ತಿ ಅಳಿಸಲು ಒಪ್ಪಿಗೆ ನೀಡುತ್ತ, ಅದರ ಬದಲಿಗೆ ಹೊಸ ವ್ಯವಸ್ಥೆಯಲ್ಲಿ ಗ್ರಾಹಕ ಸಂಖ್ಯೆ ಒಂದರ ಹೆಸರಿಗೆ ಒಂದು ಹ್ಯಾಂಗರನ್ನು ಕಾಯಂ ಆಗಿ ಮಂಜೂರು ಮಾಡಬೇಕಾಗಿ ಕೋರುತ್ತೇನೆ. ಮೂಲೆಯ ಹ್ಯಾಂಗರ್ ಆದರೂ ಆದೀತು, ಕೊಕ್ಕೆ ಸೊಟ್ಟಗಾಗಿರುವುದಾದರೂ ಆದೀತು. ಅದಕ್ಕೆ ನೇತುಹಾಕಲು ಬಟ್ಟೆಯನ್ನು ಅರ್ಜಿದಾರನೇ ಒದಗಿಸಿದ್ದಾನೆ.

ತಮ್ಮ ವಿಶ್ವಾಸಿ, ಹಾಗೂ ಆ ಶನಿವಾರದ ಗಲಾಟೆಗೆ ಏಕಮಾತ್ರ ಕಾರಣನಾದ,
ಇಸ್ತ್ರಿಯವನು (ಪ್ರೋಗ್ರಾಮರ್)

ಸ್ಥಳ: ಎರಡನೇ ಮೇಜು
ದಿನ: ಗುರುವಾರ (ಶನಿವಾರಕ್ಕೆ ಹೆಚ್ಚು ಸಮಯವಿಲ್ಲ)

ಅಡಕಗಳು:
೧. ಬಿಳಿ ಅಂಗಿ ಒಂದು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದು. ಬೆನ್ನಿನ ತ್ರಿಕೋನ ಸಹಿತ.
೨. ಕೋಟಿನ ಮುದುಕರಿಗೆ ಕ್ಷಮಾಪಣೆ ಪತ್ರ (ಕೋಟು ಇನ್ನೂ ಸಿಕ್ಕಿಲ್ಲ).

ವಿ.ಸೂ.: ಸದರಿ ಅಕ್ಕನವರು ಎಂದಾದರೂ ಕೌಂಟರಿಗೆ ಬಂದು ನನ್ನ ಹೆಸರಿನಲ್ಲಿರುವ ಬಟ್ಟೆ ಕೊಡಿ ಎಂದು ಕೇಳಿದರೆ ಆ ಅಂಗಿಯನ್ನು ಯಾವ ಕಾರಣಕ್ಕೂ ಕೊಡಕೂಡದು, ಕೊಟ್ಟರೆ ಮೆಸೇಜ್ ನಿಂತುಹೋಗುತ್ತದೆ. ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ, ಮುಂದಿನ ಶನಿವಾರ ಬನ್ನಿ ಎಂದು ಹೇಳಿ ಕಳಿಸುವಂತೆ ಕೌಂಟರ್ ಮೇಡಂ ಅವರಿಗೆ ಲಿಖಿತ ಸೂಚನೆ ನೀಡಬೇಕಾಗಿ ಪ್ರಾರ್ಥನೆ.