ಒಂದೇ ಪಾತ್ರೆಗೆ ಸುರಿದ ಫೋಟೋಗಳು

ಹೋಟೆಲಿನವರ ಕೈಗೆ ಕಂಪ್ಯೂಟರ್ ಕೊಟ್ಟರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಡೊಂಬಿವಲಿಯ ನಮ್ಮ ಮನೆಗೆ ಬರಬೇಕು. ಇಂಥದ್ದು ಒಂದು ಸಲ ಆಗಿ ಮುಗಿಯುವುದಲ್ಲ, ಒಲೆಯ ಮೇಲೆ ಹಾಲು ಉಕ್ಕಿದ ಹಾಗೆ ಆಗುತ್ತಲೇ ಇರುತ್ತದೆ. ನಗುವವರು ನಗಬಹುದು. ನಾನೂ ನಗುತ್ತೇನೆ, ಮೊದಲು ಸ್ವಲ್ಪ ಬೈದು ಆಮೇಲೆ.

ಟೇಬಲ್ ನಂಬರ್

ನನ್ನ ಗಂಡ ತಮ್ಮನ ಜೊತೆ ಸೇರಿ ಠಾಣೆ ಪೇಟೆಯಲ್ಲಿ ಹೋಟೆಲ್ ನಡೆಸುತ್ತಿದ್ದರು. ಬೆಳಿಗ್ಗೆ ನಾನು ಏಳುವ ಮೊದಲು ಲೋಕಲ್ ಟ್ರೈನ್ ಹಿಡಿದರೆ ವಾಪಸ್ ಬರುವಾಗ ನನಗೆ ನಿದ್ದೆ. ಸೋಮವಾರ ಇವರ ಸರದಿಯ ರಜೆ. ಅವತ್ತು ಕಂಪ್ಯೂಟರ್ ಎದುರು ಕೂತು ಫೋನಿನ ಫೋಟೋಗಳನ್ನೆಲ್ಲ ಅದಕ್ಕೆ ತುಂಬಿಸುವುದೇ ಇವರ ಪೂಜೆ.

ಒಂದು ದಿನ ಇಣುಕಿ ನೋಡಿದರೆ ಫೋಲ್ಡರಿಗೆಲ್ಲ ಟೇಬಲ್ ನಂಬರ್. ಇವರಿಗೆ ಗಿರಾಕಿಗಳ ಹೆಸರು ನೆನಪಿರುತ್ತಿರಲಿಲ್ಲ, ಟೇಬಲ್ ನೆನಪಿರುತ್ತಿತ್ತು. ಅದೇ ಲೆಕ್ಕದಲ್ಲಿ ನೆಂಟರನ್ನೂ ಕೂರಿಸಿಬಿಟ್ಟಿದ್ದಾರೆ. ನನ್ನ ಅಮ್ಮನ ಮನೆಯವರು ಫ್ಯಾನಿನ ಕೆಳಗಿನ ಟೇಬಲ್. ಕಲ್ಯಾಣದ ನನ್ನ ತಂಗಿಯ ಸಂಸಾರ ಮೂಲೆಯ ಟೇಬಲ್, ಗಲಾಟೆ ಮಾಡುವವರನ್ನು ಅಲ್ಲೇ ಕೂರಿಸಬೇಕಂತೆ. ಅಷ್ಟಕ್ಕೂ ಸುಮ್ಮನಿದ್ದೆ. ಮಗಳ ಮದುವೆಯ ಫೋಟೋಗಳನ್ನು ಇಟ್ಟ ಫೋಲ್ಡರಿನ ಹೆಸರು ‘ಪಾರ್ಸೆಲ್’ ಅಂತ ನೋಡಿದಾಗ ಮಾತ್ರ ಪಿತ್ತ ನೆತ್ತಿಗೇರಿತು.

“ಹೆತ್ತ ಮಗಳನ್ನು ಪಾರ್ಸೆಲ್ ಅಂತೀರಲ್ಲ, ನಾಚಿಕೆ ಆಗುವುದಿಲ್ಲವಾ?”

“ಪಾರ್ಸೆಲ್ ಅಂದ್ರೆ ಏನು ತಿಳ್ಕೊಂಡಿದ್ದಿ? ಚೆಂದ ಕಟ್ಟಿ, ಬಿಸಿ ಇರುವಾಗಲೇ ಕಳಿಸುವುದು. ಕೂತು ತಿನ್ನುವವರಿಗಿಂತ ಪಾರ್ಸೆಲಿನವರಿಗೇ ನಾವು ಚಟ್ನಿ ಜಾಸ್ತಿ ಹಾಕುವುದು.”

“ಹಾಗಾದರೆ ನಾನು ಯಾವ ಟೇಬಲ್?”

ಇವರು ತಿರುಗಿಯೂ ನೋಡಲಿಲ್ಲ. “ನೀನು ಗಲ್ಲಾ. ಎಲ್ಲ ಕಡೆ ಸುತ್ತಿ ಕೊನೆಗೆ ಅಲ್ಲಿಗೇ ಬರಬೇಕಲ್ಲ.”

ಮೈದುನ ಜಾಗ ಮಾಡಿಕೊಟ್ಟದ್ದು

ಇವರು ತೀರಿಕೊಂಡ ಮೇಲೆ ನನಗೆ ಹಿಡಿದ ಹುಚ್ಚು ಒಂದೇ. ಇವರ ಸ್ವರ ಕೇಳಬೇಕು. ಮುಖ ಗೋಡೆಯ ಮೇಲಿದೆ, ಅದಕ್ಕೆ ಹಾರವೂ ಇದೆ. ಸ್ವರ ಮಾತ್ರ ದಿನದಿಂದ ದಿನಕ್ಕೆ ಮರೆತುಹೋಗುತ್ತಿದೆ ಅನ್ನಿಸಿ ಹೆದರಿಕೆಯಾಗುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾದಾಗ ಇವರು ಏನು ಹೇಳುತ್ತಿದ್ದರು ಅಂತ ನೆನಪಿದೆ, ಹೇಗೆ ಹೇಳುತ್ತಿದ್ದರು ಅಂತ ನೆನಪಿಲ್ಲ.

ಇವರ ಫೋನು ದೋಸೆ ಹಿಟ್ಟಿನ ಬಕೆಟ್ಟಿಗೆ ಬಿದ್ದು ಇವರಿಗಿಂತ ಮೊದಲೇ ಹೋಗಿತ್ತು. ನನ್ನ ಫೋನಿಗೆ ಇವರು ಕಳಿಸುತ್ತಿದ್ದದ್ದು ಆಯ್ತು ಅನ್ನುವ ಹೆಬ್ಬೆಟ್ಟಿನ ಚಿತ್ರ ಮಾತ್ರ. ಉಳಿದದ್ದು ಕಂಪ್ಯೂಟರ್. ಅದೋ, ಹೊಟ್ಟೆ ತುಂಬಿದೆ ಅಂತ ಕೆಂಪು ಪಟ್ಟಿ ತೋರಿಸುತ್ತಾ ಉಸಿರು ಬಿಡದೆ ಕೂತಿತ್ತು. ವರ್ತಕ ನಗರದಿಂದ ಮೈದುನನನ್ನು ಕರೆಸಿದೆ.

ಮೈದುನ ಫೋಲ್ಡರುಗಳನ್ನು ನೋಡಿ ತಲೆ ಆಡಿಸಿದ. “ಅತ್ತಿಗೆ, ಇಷ್ಟು ಪಾತ್ರೆ ಯಾಕೆ? ಎಲ್ಲವೂ ಅರ್ಧರ್ಧ ತುಂಬಿದೆ. ಜಾಗ ಎಲ್ಲಿಂದ ಬರಬೇಕು?”

ಹೋಟೆಲಿನ ಅಡುಗೆಮನೆಯಲ್ಲಿ ಮಧ್ಯಾಹ್ನದ ರಶ್ ಮುಗಿದ ಮೇಲೆ ಅರ್ಧ ಉಳಿದ ಸಾಂಬಾರನ್ನೆಲ್ಲ ಒಂದೇ ದೊಡ್ಡ ಪಾತ್ರೆಗೆ ಸುರಿದು ಖಾಲಿ ಪಾತ್ರೆ ತೊಳೆಯಲು ಹಾಕುವುದು ಪದ್ಧತಿ. ಮೈದುನ ಅದನ್ನೇ ಮಾಡಿದ. ಟೇಬಲುಗಳು, ಪಾರ್ಸೆಲ್, ಗಲ್ಲಾ, ಹೋಟೆಲಿನ ಮೆನು, ಎಲ್ಲವನ್ನೂ ಎಳೆದು ಒಂದೇ ಫೋಲ್ಡರಿಗೆ ಸುರಿದ. ಎರಡನ್ನೂ ಕೂಡಿಸಲೇ ಅಂತ ಕಂಪ್ಯೂಟರ್ ಪಾಪ ಪ್ರತಿ ಸಲವೂ ಕೇಳಿತು. ಇವನು ಪ್ರತಿ ಸಲವೂ ಹೂಂ ಅಂದ. ಖಾಲಿಯಾದ ಫೋಲ್ಡರುಗಳನ್ನು ಅಳಿಸಿ ಕೈ ಒರೆಸಿಕೊಂಡ.

“ಜಾಗ ಆಯ್ತು ನೋಡಿ.”

“ಕೆಂಪು ಪಟ್ಟಿ ಹಾಗೇ ಇದೆಯಲ್ಲ ಮಾರಾಯ?”

ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಅನುಭವಸ್ಥರ ಗಂಭೀರತೆಯಲ್ಲಿ ಹೇಳಿದ, “ಸ್ವಲ್ಪ ತಣಿಯಲಿ ಅತ್ತಿಗೆ. ಇಳಿಯುತ್ತದೆ.”

ಗರಿಗರಿಯಾದ ಹುಡುಗಿ

ಇಳಿಯಲಿಲ್ಲ. ಅಷ್ಟರಲ್ಲಿ ಕಲ್ಯಾಣದ ತಂಗಿಯ ಫೋನು ಬಂತು. ಅವಳ ಮಗಳಿಗೆ ಒಂದು ಒಳ್ಳೆಯ ಸಂಬಂಧ ಬಂದಿದೆ, ಭಾವ ತೆಗೆದ ಸೀರೆಯ ಫೋಟೋ ಚೆನ್ನಾಗಿತ್ತು, ಅದನ್ನು ಹುಡುಗನ ಅಮ್ಮನಿಗೆ ನೇರ ಕಳಿಸಿಬಿಡು ಅಂದಳು.

ಮೂಲೆಯ ಟೇಬಲ್ ಈಗ ಎಲ್ಲಿದೆ? ಸಮುದ್ರದಲ್ಲಿ ಸಾಸಿವೆ ಹುಡುಕಿದ ಹಾಗೆ ಹುಡುಕಿದೆ. ಉಗುರಿನಷ್ಟಗಲದ ಪುಟಾಣಿ ಚಿತ್ರಗಳ ನಡುವೆ ಹಳದಿ ಸೀರೆ, ಕೆಂಪು ಅಂಚು ಕಂಡಿತು. ಕನ್ನಡಕ ಅಡುಗೆಮನೆಯಲ್ಲಿತ್ತು. ಕಳಿಸಿಬಿಟ್ಟೆ. ‘ನಮ್ಮ ಹುಡುಗಿ. ಅಡುಗೆಯೆಲ್ಲ ಮನೆಯಲ್ಲೇ ಕಲಿತದ್ದು, ಎಲ್ಲದಕ್ಕೂ ಹೊಂದಿಕೊಳ್ಳುತ್ತಾಳೆ’ ಅಂತ ಎರಡು ಮಾತೂ ಸೇರಿಸಿದೆ.

ಸಂಜೆ ಹುಡುಗನ ಅಮ್ಮ ಫೋನ್ ಮಾಡಿದರು. “ಫೋಟೋ ನೋಡಿದೆವು. ಹುಡುಗಿ ಗರಿಗರಿಯಾಗಿದ್ದಾಳೆ. ಜಾತಕ ಆಮೇಲೆ ಆಯ್ತು, ಮೊದಲು ಚಟ್ನಿ ಕಳಿಸ್ತೀರಾ?”

ಕನ್ನಡಕ ಹಾಕಿ ನೋಡಿದೆ. ಮೈಸೂರು ಮಸಾಲೆ ದೋಸೆ. ಅಂಚಿನಲ್ಲಿ ಕೆಂಪು ಚಟ್ನಿ.

ನಮ್ಮ ಪುಣ್ಯಕ್ಕೆ ಅವರೂ ಹೋಟೆಲಿನವರೇ. ದೋಸೆ ಒಂದು ಬದಿ ಇನ್ನೂ ಸ್ವಲ್ಪ ಕಾಯಬೇಕಿತ್ತು ಅಂತಷ್ಟೇ ಹೇಳಿ, ಮುಂದಿನ ವಾರ ಹುಡುಗಿಯನ್ನು ನೋಡಲು ಬಂದರು.

ಬಾರದ ಫೋಟೋಗಳು

ಇನ್ನು ಇದು ನಿಮ್ಮಿಂದಾಗುವ ಕೆಲಸವಲ್ಲ ಅಂತ ಸಾನಪಾಡಾದಿಂದ ಮಗಳು ಒಂದು ಭಾನುವಾರ ಬಂದಳು, ಜೊತೆಗೆ ಅವಳ ಮಗಳು. ಮೊಮ್ಮಗಳು ಮಾತಾಡುವುದು ಮರಾಠಿ. ನಾನು ಕನ್ನಡದಲ್ಲಿ ಊಟಕ್ಕೆ ಕರೆದರೆ ಬರುತ್ತಾಳೆ, ಉತ್ತರ ಮಾತ್ರ ಮರಾಠಿಯಲ್ಲಿ. ಅಜ್ಜ ಹೋದಾಗ ಅವಳು ತೊಟ್ಟಿಲಲ್ಲಿದ್ದಳು.

ಮಗಳು ಫೈಲುಗಳನ್ನು ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸಿದಳು. ದೊಡ್ಡವೆಲ್ಲ ಮೇಲೆ ಬಂದವು. ಎಲ್ಲದರ ಹೆಸರೂ ‘ಕ್ಯಾನ್ಸಲ್’.

“ಅದು ಸರಿಯಾಗಿ ಬಾರದ ಫೋಟೋಗಳು” ಅಂದೆ. “ಬಾರದ್ದಕ್ಕೆಲ್ಲ ಅಪ್ಪ ಹಾಗೆ ಬರೆದಿಡುತ್ತಿದ್ದರು. ತೆಗೆದು ಬಿಸಾಕು, ಜಾಗವಾದರೂ ಆಗಲಿ.”

ಅಳಿಸಲು ಹೋದವಳು ನಿಂತಳು. “ಬಾರದ ಫೋಟೋ ಇಷ್ಟು ದೊಡ್ಡದು ಹೇಗೆ ಅಮ್ಮ?” ಒಂದನ್ನು ತೆರೆದಳು.

ಅವಳ ಹೊಸ ಮನೆಯ ಪೂಜೆಯ ದಿನ. ನಾವೆಲ್ಲ ಸಾಲಾಗಿ, ಹಲ್ಲು ಬಿಟ್ಟು, ಕಂಬದ ಹಾಗೆ ನಿಂತಿದ್ದೇವೆ. ಯಾರೂ ಅಲ್ಲಾಡುವುದಿಲ್ಲ. ರೆಪ್ಪೆ ಬಡಿಯದೆ ಮೈದುನನ ಕಣ್ಣಲ್ಲಿ ಮಾತ್ರ ನೀರು ಬರುತ್ತಿದೆ. ಆಗ ಸ್ವರ ಬಂತು.

“ಹಾಂ, ಹಾಗೇ ಇರಿ. ಇದು ಯಾಕೆ ಟಿಕ್ ಅನ್ನುವುದಿಲ್ಲ? ಒತ್ತಿದ್ದೇನಲ್ಲ. ಯಾರೂ ಅಲುಗಾಡಬೇಡಿ ಮಾರಾಯ್ರೆ, ನಿಮ್ಮಿಂದಲೇ ಬರುತ್ತಿಲ್ಲ.”

ಫೋನು ಫೋಟೋ ಬಿಟ್ಟು ವಿಡಿಯೋ ತೆಗೆಯುತ್ತಿದೆ ಅಂತ ಇವರಿಗೆ ಗೊತ್ತೇ ಆಗಿರಲಿಲ್ಲ. ಮನೆಗೆ ಬಂದು ಅದನ್ನು ತೆರೆದೂ ನೋಡದೆ, ಕೆಟ್ಟ ಫೋಟೋ ಅಂತ ಬರೆದಿಟ್ಟಿದ್ದಾರೆ. ಒಂದಲ್ಲ, ಸಾಲುಗಟ್ಟಲೆ. ಕಂಪ್ಯೂಟರಿನ ಹೊಟ್ಟೆ ತುಂಬಿಸಿದ್ದು ನಾವು ಯಾರೂ ಅಲ್ಲ, ಟಿಕ್ ಅನ್ನಲಿಲ್ಲ ಅಂತ ಬೈಯುತ್ತಾ ಇದ್ದ ಇವರ ಸ್ವರ.

ಮಗಳು ಬಾಯಿಗೆ ಸೆರಗು ಒತ್ತಿದಳು. ಹೀಗೆಯೇ ಇತ್ತು, ಮೂಗಿನಲ್ಲಿ ಸ್ವಲ್ಪ ಎಳೆಯುವ ಸ್ವರ. ನಾನು ಮರೆತಿರಲಿಲ್ಲ.

“ಹೇ ಕೋಣ್ ಬೋಲ್ತಯ್?” ಅಂತ ಮೊಮ್ಮಗಳು ಕೇಳಿದಳು. ಮಾತಾಡುತ್ತಿರುವುದು ಅಜ್ಜ ಅಂತ ಅವಳಮ್ಮ ಹೇಳಿದಳು. ಮಗು ತಕ್ಷಣ ಫ್ರಾಕ್ ಎಳೆದುಕೊಂಡು, ಕೈ ಕೆಳಗೆ ಬಿಟ್ಟು, ಕಂಪ್ಯೂಟರಿನ ಎದುರು ನೆಟ್ಟಗೆ ನಿಂತು ಹಲ್ಲು ಬಿಟ್ಟಿತು. ಅಲುಗಾಡಲೇ ಇಲ್ಲ.

“ನೀನೊಬ್ಬಳು ನಗಾಡುವುದಿಲ್ಲ ನೋಡು” ಅಂದಿತು ಸ್ವರ. ಅವತ್ತು ನನಗೆ ಹೇಳಿದ್ದು. “ನಿನ್ನಿಂದಾಗಿ ಇಷ್ಟು ಜನ ನಿಲ್ಲಬೇಕು. ನಗಾಡು ಮಾರಾಯ್ತಿ.”

ನಾನು ಗಡಬಡಿಸಿ ಕಣ್ಣು ಒರೆಸಿಕೊಂಡು ಮೊಮ್ಮಗಳ ಪಕ್ಕ ನಿಂತೆ. ಮಗಳೂ ಬಂದು ನಿಂತಳು. ಮೂವರೂ ಕಂಪ್ಯೂಟರಿಗೆ ನಕ್ಕೆವು, ಆದಷ್ಟು ಚೆಂದ ನಕ್ಕೆವು.

“ಛೆ, ಇದೂ ಬರಲಿಲ್ಲ” ಅಂದರು ಇವರು. “ಎಲ್ಲರೂ ಇನ್ನೊಮ್ಮೆ ನಗಾಡಿ, ನೋಡುವ.”